ಒಂದು ಪೌಂಡ್ ಧಾನ್ಯ ಮತ್ತು ಹಸಿದ ದೇಹದ ಲೆಕ್ಕ

ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಮುಂಗಾರೂ ಹಿಂಗಾರೂ ಕೈಕೊಟ್ಟಾಗ ಸೊಕ್ಕೆ, ಜಗಳೂರಿನ ಸೀಮೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಸಂಸ್ಥಾನದ ಆಡಳಿತ ಇನ್ನೂ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಇಂದು ಜಗಳೂರಿನ ಜೊತೆಗೆ ದಾವಣಗೆರೆ ಜಿಲ್ಲೆಯೊಳಗಿರುವ ಹೊನ್ನಾಳಿಗೆ ತುಂಗಭದ್ರೆಯಿದೆ, ಚನ್ನಗಿರಿಗೆ ಸೂಳೆಕೆರೆಯಿದೆ. ಜಗಳೂರಿಗೆ ಅಂಥ ಆಸರೆ ಯಾವುದೂ ಇರಲಿಲ್ಲ. ಮಳೆಯ ನೆರಳಿನ ಈ ಬಯಲಿನಲ್ಲಿ ಜೋಳ, ರಾಗಿ, ನವಣೆ, ಸಜ್ಜೆ ಬೆಳೆದು, ಮಿಕ್ಕಿದ್ದನ್ನು ಹಗೇವಿನಲ್ಲಿ ತುಂಬಿಟ್ಟು, ಕೆಟ್ಟ ವರ್ಷಕ್ಕೆ ತೆಗೆದು ಉಣ್ಣುವುದೇ ಜನರ ವಿಮೆ. ಒಂದು ವರ್ಷದ ಬರವನ್ನು ಹಗೇವು ತಾಳಬಲ್ಲದು. ಬರ ಧಾತುವಿನಿಂದ ಈಶ್ವರ ಸಂವತ್ಸರಕ್ಕೂ ಮುಂದುವರಿದಾಗ ಹಗೇವುಗಳು ಬರಿದಾದವು, ಎತ್ತುಗಳು ಸತ್ತವು, ಊರಿಗೆ ಊರೇ ಗುಳೆ ಹೊರಟಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದ ಸಹಜ ಬೆಳವಣಿಗೆಯನ್ನು ಬದಿಗಿಟ್ಟರೂ ಸುಮಾರು ಎಂಟೂಮುಕ್ಕಾಲು ಲಕ್ಷ ಜನ ಕಡಿಮೆಯಾಗಿದ್ದರು. ಕೋಲಾರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳು ಅತಿ ಹೆಚ್ಚು ಪೆಟ್ಟು ತಿಂದವುಗಳ ಸಾಲಿನಲ್ಲಿದ್ದವು.

ಆ ಬರಗಾಲದ ಆಡಳಿತದ ಕತೆಯನ್ನು ನಮ್ಮ ಇತಿಹಾಸಕಾರರು ಹಲವು ಬಾರಿ ಹೇಳಿದ್ದಾರೆ. ಅದರೊಳಗೆ ದೇಹವಿಜ್ಞಾನದ ಒಂದು ಜಗಳವೂ ಇತ್ತು. ಅದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಒಬ್ಬ ಮನುಷ್ಯ ಬದುಕಿ ದುಡಿಯಲು ಎಷ್ಟು ತಿನ್ನಬೇಕು ಎಂಬ ಪ್ರಶ್ನೆ 1877ರ ಮೊದಲ ತಿಂಗಳುಗಳಲ್ಲಿ ದಕ್ಷಿಣ ಭಾರತದ ಕಡತಗಳಲ್ಲಿ ಬಹಿರಂಗವಾಗಿ ವಾದಕ್ಕೆ ಬಿತ್ತು. ಹಸಿದ ದೇಹ ಕಡಿಮೆಗೆ ಹೊಂದಿಕೊಂಡಂತೆ ಕಾಣುವುದನ್ನು ಆಳುವವರು ‘ಅಷ್ಟು ಸಾಕು’ ಎಂಬುದಕ್ಕೆ ಸಾಕ್ಷಿಯೆಂದು ಓದಿದರು. ಆ ಓದು ತಪ್ಪು. ಹೊಂದಿಕೆ ಎಂದು ಅವರು ಕಂಡದ್ದು ಮೆದುಳು ಮತ್ತು ಹಾರ್ಮೋನುಗಳು ಸೇರಿ ಜಾರಿಗೊಳಿಸುವ ಖರ್ಚಿನ ಕಡಿತ. ಅದರ ಬೆಲೆಯನ್ನು ತೆತ್ತದ್ದು ದೇಹವೇ. ಇದು ನಮಗೆ ವಿವರವಾಗಿ ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದೇ ತಪ್ಪು ಓದು ಬೇರೆ ಬೇರೆ ವೇಷದಲ್ಲಿ ಇಂದಿಗೂ ನಡೆದಿರುವುದರಿಂದ ಆ ಜಗಳವನ್ನು ಮತ್ತೆ ತೆರೆದು ನೋಡಬೇಕಾಗಿದೆ.

ಜಗಳದ ಒಂದು ಕಡೆ ಸರ್ ರಿಚರ್ಡ್ ಟೆಂಪಲ್. 1873–74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ, ಕೈಬಿಚ್ಚಿ ಖರ್ಚು ಮಾಡಿ, ಸಾವುಗಳನ್ನು ಬಹುಮಟ್ಟಿಗೆ ತಡೆದದ್ದು ಇದೇ ಟೆಂಪಲ್. ಅದಕ್ಕೆ ಸಿಕ್ಕ ಪ್ರತಿಫಲ ದುಂದುಗಾರ ಎಂಬ ಬೈಗುಳ. ವೈಸರಾಯ್ ಲಿಟ್ಟನ್ ಆತನನ್ನು 1877ರ ಜನವರಿಯಲ್ಲಿ ದಕ್ಷಿಣಕ್ಕೆ ಕಳಿಸಿದಾಗ ಮಿತವ್ಯಯವೇ ಆತನ ಧ್ಯೇಯವಾಗಿತ್ತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯಕ್ಕೆ ಸಾಲುವ ಕೂಲಿ, ಮೇಲೆ ಉಪ್ಪು ಖಾರಕ್ಕೆ ಅಲ್ಪ ಕಾಸು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ‘ಟೆಂಪಲ್ ಕೂಲಿ’ ಎಂದು ಹೆಸರಾದ ದರ ಇದೇ. ಕಾಮಗಾರಿಗಳಲ್ಲಿ ಕಂಡ ಜನ ಗಟ್ಟಿಯಾಗಿಯೇ ಇದ್ದಾರೆ ಎಂಬುದು ಆತನ ವಾದಕ್ಕಿದ್ದ ಆಧಾರಗಳಲ್ಲಿ ಒಂದು. ಇನ್ನೊಂದು ಕಡೆ ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಡಾ. ವಿಲಿಯಂ ಕಾರ್ನಿಶ್. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಇಲ್ಲದೆ ಮಣ್ಣು ಹೊರುವ, ಕಲ್ಲು ಒಡೆಯುವ ಆಳು ನಿಧಾನವಾಗಿ ಕರಗಿಹೋಗುತ್ತಾನೆ ಎಂದು ಈ ವೈದ್ಯ ಪಟ್ಟುಹಿಡಿದು ಬರೆದ. ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಅರ್ಧದಾರಿ ಬಂದು, ಸುಮಾರು 570 ಗ್ರಾಂ ಧಾನ್ಯ ಮತ್ತು 43 ಗ್ರಾಂ ಬೇಳೆಗೆ ಒಪ್ಪಿತು. ಮುಂಬೈ ಪ್ರಾಂತ್ಯದಲ್ಲಿ ಕೂಲಿ ಕಡಿತವನ್ನು ಒಪ್ಪದ ಜನ ಕಾಮಗಾರಿ ಬಿಟ್ಟು ಎದ್ದು ಹೊರಟರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಘಟನೆ ಅವರ ಪರ ನಿಂತಿತು. ಜಗಳೂರಿನ ಮಗ್ಗುಲಲ್ಲೇ ಇರುವ ಕೂಡ್ಲಿಗಿ ಆಗ ಮದ್ರಾಸಿನ ಬಳ್ಳಾರಿ ಜಿಲ್ಲೆಯೊಳಗಿತ್ತು. ಹೀಗಾಗಿ ಈ ಸೀಮೆಯ ಒಂದು ಪಕ್ಕದಲ್ಲಿ ಮೈಸೂರಿನ ಗಂಜಿ ಕೇಂದ್ರಗಳ ವ್ಯವಸ್ಥೆ, ಇನ್ನೊಂದು ಪಕ್ಕದಲ್ಲಿ ಮದ್ರಾಸಿನ ಕಾಮಗಾರಿ ಕೂಲಿಯ ವ್ಯವಸ್ಥೆ.

ಆ ಒಂದು ಪೌಂಡನ್ನು ಇಂದಿನ ಲೆಕ್ಕದಲ್ಲಿ ತೂಗಿ ನೋಡಬಹುದು. ಒಂದು ಪೌಂಡ್ ಅಂದರೆ 454 ಗ್ರಾಂ. ರಾಗಿಯೋ ಜೋಳವೋ ಅಕ್ಕಿಯೋ, ಯಾವುದಾದರೂ ಸರಿ, ಅದರಿಂದ ಹೆಚ್ಚುಕಡಿಮೆ 1,500ರಿಂದ 1,600 ಕ್ಯಾಲರಿ ಸಿಗುತ್ತದೆ. ನಲವತ್ತೈದು ಕಿಲೋ ತೂಕದ ಸಣಕಲು ಆಳು ಏನೂ ಮಾಡದೆ ಮಲಗಿದ್ದರೂ ಉಸಿರಾಟ, ಎದೆಬಡಿತ, ಮೈಶಾಖ, ಮೆದುಳಿನ ಕೆಲಸಕ್ಕೆಂದು ದಿನಕ್ಕೆ 1,200ರಿಂದ 1,300 ಕ್ಯಾಲರಿ ವ್ಯಯವಾಗುತ್ತದೆ. ದಿನವಿಡೀ ಬಿಸಿಲಲ್ಲಿ ಮಣ್ಣು ಹೊತ್ತರೆ ಒಟ್ಟು ಖರ್ಚು ಎರಡೂವರೆ ಸಾವಿರದ ಆಸುಪಾಸಿಗೆ ಏರುತ್ತದೆ. ಆ ಅಂತರವನ್ನು ಸರ್ಕಾರ ತುಂಬಲಿಲ್ಲ, ದೇಹ ತುಂಬಬೇಕಾಯಿತು. ಮೊದಲು ಕೊಬ್ಬು, ಜೊತೆಜೊತೆಗೇ ಮಾಂಸಖಂಡ, ಆಮೇಲೆ ಕರುಳಿನ ಗೋಡೆ, ಹೃದಯದ ಸ್ನಾಯು ಎಲ್ಲವೂ ಆ ಲೆಕ್ಕಕ್ಕೆ ಜಮೆಯಾಗುತ್ತಾ ಹೋದವು.

ಈ ಪ್ರಮಾಣದ ಊಟ ಮನುಷ್ಯನಿಗೆ ಏನು ಮಾಡುತ್ತದೆಂದು ತಿಳಿಸುವ ಒಂದು ಪ್ರಯೋಗ ನಮ್ಮ ಮುಂದಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದೆ, ಬದಲಿಗೆ ಈ ಸೇವೆಯನ್ನು ಆರಿಸಿಕೊಂಡವರು ಅವರು. ಅವರಿಗೆ ಸಿಕ್ಕದ್ದು ದಿನಕ್ಕೆ ಸರಾಸರಿ 1,570 ಕ್ಯಾಲರಿ, ಬಹುತೇಕ ಟೆಂಪಲ್ಲನ ಒಂದು ಪೌಂಡಿನಷ್ಟೇ. ಅವರು ದೊಡ್ಡ ಮೈಯವರು ನಿಜ, ಆದರೆ ಕಲ್ಲು ಒಡೆಯಲಿಲ್ಲ. ವಾರಕ್ಕೆ 22 ಮೈಲಿ ನಡೆದರು, ಅಷ್ಟೇ. ಆರು ತಿಂಗಳಲ್ಲಿ ಅವರ ತೂಕದ ಕಾಲುಭಾಗ ಇಳಿಯಿತು. ವಿಶ್ರಾಂತಿಯಲ್ಲಿ ದೇಹ ಮಾಡುವ ಖರ್ಚು ಸುಮಾರು ಶೇ. 40ರಷ್ಟು ಕುಸಿಯಿತು. ತೂಕ ಕಡಿಮೆಯಾದ್ದರಿಂದ ಎಷ್ಟು ಇಳಿಯಬೇಕಿತ್ತೋ ಅದಕ್ಕಿಂತಲೂ ಹೆಚ್ಚು ಇಳಿಯಿತು. ನಿಮಿಷಕ್ಕೆ 55 ಇದ್ದ ನಾಡಿಬಡಿತ 35ಕ್ಕೆ ಬಂತು. ಬೇಸಿಗೆಯಲ್ಲೂ ಚಳಿ. ಕಾಲು ಬಾವು. ಮೆಟ್ಟಿಲು ಹತ್ತುವುದೂ ಬೇಡ, ಮಾತೂ ಬೇಡ, ಹೆಣ್ಣಿನ ಆಸೆಯೂ ಇಲ್ಲ. ಮನಸ್ಸಿನಲ್ಲಿ ಊಟ ಒಂದನ್ನು ಬಿಟ್ಟು ಬೇರೇನೂ ಉಳಿಯಲಿಲ್ಲ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಟ್ಟು ರಾತ್ರಿಯೆಲ್ಲ ಓದುತ್ತಿದ್ದರು. ಓದುಬರಹ ಬಲ್ಲ, ಆದರ್ಶಕ್ಕಾಗಿ ತಾವಾಗಿ ಮುಂದೆ ಬಂದ, ಪ್ರಾಣಭಯವಿಲ್ಲದ ಯುವಕರು ಇವರು. ಅವರ ಜಡತೆಯನ್ನು ಯಾರೂ ಸೋಮಾರಿತನ ಎನ್ನಲಾರರು.

ಈ ಜಡತೆ ಎಲ್ಲಿಂದ ಬರುತ್ತದೆ? 1951ರಲ್ಲಿ ಯೇಲ್‌ನಲ್ಲಿ ಭಾರತದ ಬಿ. ಕೆ. ಆನಂದ್ ಮತ್ತು ಜಾನ್ ಬ್ರೊಬೆಕ್, ಇಲಿಯ ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್‌ನೊಳಗೆ ಪಕ್ಕದ ಭಾಗದಲ್ಲಿರುವ ಒಂದು ಸಣ್ಣ ಜಾಗವನ್ನು ಕೆಡಿಸಿದರೆ ಇಲಿ ತಿನ್ನುವುದನ್ನೇ ಬಿಟ್ಟುಬಿಡುತ್ತದೆಂದು ತೋರಿಸಿದರು. ಎದುರಿಗೆ ಆಹಾರವಿದ್ದರೂ ಅದು ಉಪವಾಸ ಸಾಯುತ್ತದೆ. ಹಸಿವು ಹೊಟ್ಟೆಯಲ್ಲಿ ಹುಟ್ಟುವುದೆಂಬ ಸಾಮಾನ್ಯ ತಿಳಿವಳಿಕೆಗೆ ಇದು ದೊಡ್ಡ ತಿದ್ದುಪಡಿ. ಆದರೆ ಮೈಯಲ್ಲಿ ಎಷ್ಟು ದಾಸ್ತಾನು ಉಳಿದಿದೆ ಎಂಬುದು ಮೆದುಳಿಗೆ ಹೇಗೆ ತಿಳಿಯುತ್ತದೆ ಎಂಬುದು 1994ರವರೆಗೂ ಗೂಢವಾಗಿಯೇ ಇತ್ತು. ಆ ವರ್ಷ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್ಮನ್ ಅವರ ತಂಡ ಲೆಪ್ಟಿನ್‌ನ ಜೀನ್ ಪತ್ತೆಮಾಡಿತು. ಕೊಬ್ಬಿನ ಕೋಶಗಳೇ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಕೊಬ್ಬು ಹೆಚ್ಚಿದ್ದರೆ ಹೆಚ್ಚು, ಕರಗಿದರೆ ಕಡಿಮೆ. ಮನೆಯ ಯಜಮಾನಿ ಹಗೇವಿನ ಧಾನ್ಯ ಎಲ್ಲಿಗೆ ಇಳಿದಿದೆ ನೋಡಿ ನಾಳೆಯ ಮುದ್ದೆಯ ಗಾತ್ರ ನಿರ್ಧರಿಸುವ ಹಾಗೆ, ಹೈಪೋಥಲಾಮಸ್ ಲೆಪ್ಟಿನ್ನಿನ ಮಟ್ಟ ನೋಡಿ ಇಡೀ ದೇಹದ ಖರ್ಚು ನಿರ್ಧರಿಸುತ್ತದೆ. ಲೆಪ್ಟಿನ್ ಇಳಿದರೆ ಅಲ್ಲಿ ಹಸಿವು ಹುಟ್ಟಿಸುವ ನರಕೋಶಗಳು ಎಚ್ಚರಗೊಳ್ಳುತ್ತವೆ, ತೃಪ್ತಿ ಹೇಳುವ ಕೋಶಗಳು ತಣ್ಣಗಾಗುತ್ತವೆ. 1999ರಲ್ಲಿ ಜಪಾನಿನ ಕೊಜಿಮ ಮತ್ತು ಕಂಗಾವ ಕಂಡುಹಿಡಿದ ಗ್ರೆಲಿನ್ ಖಾಲಿ ಹೊಟ್ಟೆಯಿಂದ ಹೊರಟು ಅದೇ ಜಾಗಕ್ಕೆ ಅದೇ ಸುದ್ದಿ ಮುಟ್ಟಿಸುತ್ತದೆ.

ಆದರೆ ಹಸಿವು ಹೆಚ್ಚುವುದು ಲೆಪ್ಟಿನ್ ಇಳಿತದ ಪರಿಣಾಮದ ಅರ್ಧ ಮಾತ್ರ. 1996ರಲ್ಲಿ ಉಪವಾಸವಿದ್ದ ಇಲಿಗಳಿಗೆ ಹೊರಗಿನಿಂದ ಲೆಪ್ಟಿನ್ ಕೊಟ್ಟು ನೋಡಿದಾಗ, ಉಪವಾಸದಲ್ಲಿ ಥೈರಾಯ್ಡ್ ಹಾರ್ಮೋನು ಇಳಿಯುವುದು, ಸಂತಾನದ ಹಾರ್ಮೋನುಗಳು ಕುಸಿಯುವುದು, ಒತ್ತಡದ ಹಾರ್ಮೋನು ಏರುವುದು ಇವೆಲ್ಲ ಬಹುಮಟ್ಟಿಗೆ ತಡೆಯಲ್ಪಟ್ಟವು. ಅಂದರೆ ಊಟ ತಪ್ಪಿದ್ದಕ್ಕೆ ದೇಹ ಸೊರಗಿ ಸುಮ್ಮನಾಗುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ದಾಸ್ತಾನು ಮುಗಿಯುತ್ತಿದೆ ಎಂಬ ಸುದ್ದಿ ಬಂದೊಡನೆ ಮೆದುಳೇ ಒಲೆಗಳನ್ನು ಒಂದೊಂದಾಗಿ ಆರಿಸುತ್ತದೆ. ಇದಕ್ಕೆ ಮನುಷ್ಯರಲ್ಲೇ ನೇರ ಪುರಾವೆ 1997ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀಫನ್ ಓ’ರಹಿಲಿ ಅವರ ತಂಡಕ್ಕೆ ಸಿಕ್ಕಿತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳು ಅವರ ಬಳಿ ಬಂದಿದ್ದರು. ಮೈತುಂಬ ಕೊಬ್ಬಿದ್ದರೂ ಅವರ ಮೆದುಳಿಗೆ ಅದರ ಸುದ್ದಿಯೇ ತಲುಪುತ್ತಿರಲಿಲ್ಲ. ಆ ಮಕ್ಕಳು ಬರಗಾಲದಲ್ಲಿ ಸಿಕ್ಕವರಂತೆ ಊಟಕ್ಕಾಗಿ ಹಂಬಲಿಸುತ್ತಿದ್ದರು. ಲೆಪ್ಟಿನ್ ಚುಚ್ಚುಮದ್ದು ಶುರುವಾದಾಗ ಆ ಹಂಬಲ ಇಳಿಯಿತು. ಉಪದೇಶದಿಂದ ಆಗದ್ದು ಒಂದು ಹಾರ್ಮೋನಿನಿಂದ ಆಯಿತು.

ಇದನ್ನು ತಿಳಿದು 1877ರ ದಾಖಲೆಗಳಿಗೆ ಮರಳಿದರೆ ಅಲ್ಲಿಯ ವಿವರಗಳು ಬೇರೆಯೇ ಅರ್ಥ ಕೊಡುತ್ತವೆ. ಪರಿಹಾರಕ್ಕೆ ಬಂದವರು ನಿಧಾನ, ಮೊಂಡು, ಕೆಲಸಗಳ್ಳರು ಎಂಬ ದೂರು ಅಂದಿನ ಅಧಿಕಾರಿಗಳ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರು ಕಂಡದ್ದು ಹೈಪೋಥಲಾಮಸ್ ಹಾಕಿದ ಕಡಿವಾಣವನ್ನು. 1878ರಲ್ಲಿ ಮದ್ರಾಸ್ ಪ್ರಾಂತ್ಯದ ಜನನಗಳು ತೀರಾ ಕುಸಿದವು. ಮನೆಮಂದಿ ದಿಕ್ಕಾಪಾಲಾದದ್ದು ಅದಕ್ಕೊಂದು ಕಾರಣವಾದರೆ, ಹಸಿದ ದೇಹ ಗರ್ಭದ ಬಾಗಿಲು ಮುಚ್ಚುವುದು ಇನ್ನೊಂದು. ಗಂಜಿ ಕೇಂದ್ರಕ್ಕೆ ಬಂದು ಸೇರಿದ ಮೇಲೂ, ಉಂಡ ಮೇಲೂ, ಜನ ಸತ್ತದ್ದು ಅಂದಿನವರನ್ನು ಕಂಗೆಡಿಸಿತ್ತು. ಮದ್ರಾಸಿನ ಶಿಬಿರದ ಆಸ್ಪತ್ರೆಯಲ್ಲಿ ಡಾ. ಅಲೆಕ್ಸಾಂಡರ್ ಪೋರ್ಟರ್ ನಾನೂರಕ್ಕೂ ಹೆಚ್ಚು ಶವಗಳನ್ನು ಪರೀಕ್ಷಿಸಿ, ಬತ್ತಿ ತೆಳುವಾದ ಕರುಳುಗಳನ್ನು ಕಂಡು ದಾಖಲಿಸಿದ. ಆ ಕರುಳಿಗೆ ಅನ್ನವನ್ನು ಹೀರುವ ಶಕ್ತಿ ಉಳಿದಿರಲಿಲ್ಲ. ಅದರ ಜೊತೆಗೆ, ದೀರ್ಘ ಉಪವಾಸದ ನಂತರ ಒಮ್ಮೆಲೇ ಉಂಡರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಕೋಶಗಳೊಳಕ್ಕೆ ಸೇರಿಹೋಗುತ್ತವೆ, ಸೊರಗಿದ ಹೃದಯ ಅದನ್ನು ತಡೆದುಕೊಳ್ಳುವುದಿಲ್ಲ ಎಂದು ಈಗ ಗೊತ್ತಿದೆ. ‘ನಿಜವಾಗಿ ಹಸಿದವರು ಮಾತ್ರ ಬರಲಿ’ ಎಂದು ಪರಿಹಾರವನ್ನು ಕಠಿಣ ಮಾಡಿದಷ್ಟೂ ಜನ ಕಡೆಯ ಗಳಿಗೆಯವರೆಗೆ ಕಾದರು. ಅಷ್ಟರಲ್ಲಿ ಊಟವೇ ಅಪಾಯವಾಗುವ ಹಂತಕ್ಕೆ ಅವರ ದೇಹ ಬಂದು ನಿಂತಿತ್ತು.

ಇಂದಿನ ಜ್ಞಾನದಿಂದ ಅಂದಿನವರನ್ನು ತೂಗುವುದು ನ್ಯಾಯವೇ ಎಂದು ಕೇಳಬಹುದು. ಲೆಪ್ಟಿನ್ ಗೊತ್ತಿಲ್ಲದ್ದಕ್ಕೆ ಟೆಂಪಲ್ಲನನ್ನು ದೂರಲಾಗದು, ಒಪ್ಪುತ್ತೇನೆ. ಆದರೆ ಕಾರ್ನಿಶ್‌ಗೂ ಲೆಪ್ಟಿನ್ ಗೊತ್ತಿರಲಿಲ್ಲ. ಆ ವೈದ್ಯ ನೋಡಿದ್ದು ಕಣ್ಣಿಗೆ ಕಾಣುವ ದೇಹಗಳನ್ನು, ಜೈಲುಗಳ ಊಟದ ಪಟ್ಟಿಗಳನ್ನು, ಸಾಮಾನ್ಯ ವರ್ಷಗಳಲ್ಲಿ ದಕ್ಷಿಣದ ರೈತ ಕೂಲಿಗಳು ಉಣ್ಣುತ್ತಿದ್ದ ಪ್ರಮಾಣವನ್ನು. ಅಂದರೆ ಸರಿಯಾದ ಉತ್ತರಕ್ಕೆ ಬೇಕಾದ ಸಾಕ್ಷ್ಯ ಅಂದೇ ಕಡತದಲ್ಲಿತ್ತು. ತಪ್ಪಿದ್ದು ಯಾವುದನ್ನು ಸಾಕ್ಷ್ಯವೆಂದು ಎಣಿಸಬೇಕು ಎಂಬಲ್ಲಿ. ಈ ವಾರ ನಿಂತಿರುವ ಮನುಷ್ಯನನ್ನು ನೋಡಿ ಮುಂದಿನ ತಿಂಗಳೂ ನಿಲ್ಲುತ್ತಾನೆ ಎಂದು ತೀರ್ಮಾನಿಸಿದರು. ಶರೀರ ಸಾಲ ತೀರಿಸುವುದು ತಡವಾಗಿ. ಖಜಾನೆಗೂ ಇತಿಮಿತಿಯಿತ್ತು ಎಂಬುದು ಇನ್ನೊಂದು ಸಮಾಧಾನ. ನಿಜ, ಬರಗಾಲದಿಂದ ಸಂಸ್ಥಾನಕ್ಕೆ 160 ಲಕ್ಷ ರೂಪಾಯಿ ಹೊರೆ ಬಿತ್ತೆಂದೂ 80 ಲಕ್ಷ ಸಾಲ ಉಳಿಯಿತೆಂದೂ ದಿವಾನ್ ರಂಗಾಚಾರ್ಲು 1881ರಲ್ಲಿ ಲೆಕ್ಕ ಕೊಟ್ಟರು. ಆದರೆ ಹಣವಿಲ್ಲ ಎಂದು ಹೇಳುವುದು ಬೇರೆ, ಇಷ್ಟು ಸಾಕು ಎಂದು ಹೇಳುವುದು ಬೇರೆ. ಮೊದಲನೆಯದು ಆಡಳಿತದ ಅಸಹಾಯಕತೆ. ಎರಡನೆಯದು ಹಸಿದವರ ದೇಹದ ಬಗ್ಗೆ ನುಡಿದ ಸುಳ್ಳು. 1880ರ ಕ್ಷಾಮ ಆಯೋಗ ದುಡಿಯುವವರ ಪೂರ್ಣ ಪಡಿತರವನ್ನು ಒಂದೂವರೆ ಪೌಂಡ್ ಧಾನ್ಯದ ಸುತ್ತಲೇ ನಿಗದಿ ಮಾಡಿತು. ಕಾರ್ನಿಶ್ ಮಾತನ್ನು ಸರ್ಕಾರ ತನ್ನ ಕಾಗದದಲ್ಲೇ ಒಪ್ಪಿಕೊಂಡಂತಾಯಿತು. ಸತ್ತವರು ಆಗಲೇ ಮಣ್ಣಾಗಿದ್ದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದು ವಿಜ್ಞಾನದ ಒಳಗಿನಿಂದಲೇ ಬಂದದ್ದು. ತಲೆಮಾರುಗಳಿಂದ ಕಡಿಮೆ ಉಂಡು ಬಂದವರ ದೇಹ ಕಡಿಮೆಯಲ್ಲೇ ದಕ್ಷವಾಗಿ ನಡೆಯುವುದನ್ನು ಕಲಿತಿರಬಹುದಲ್ಲವೇ? 1982ರ ಸುಮಾರಿಗೆ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ, ದೇಹ ತನ್ನ ಶಕ್ತಿಯ ಖರ್ಚನ್ನು ಒಂದು ಮಿತಿಯೊಳಗೆ ತಾನೇ ಸರಿಹೊಂದಿಸಿಕೊಳ್ಳುತ್ತದೆ, ಹಾಗಾಗಿ ಸರಾಸರಿಗಿಂತ ಕಡಿಮೆ ತಿನ್ನುವವರೆಲ್ಲ ಹಸಿದವರಲ್ಲ ಎಂದು ವಾದಿಸಿದರು. ಅರ್ಥಶಾಸ್ತ್ರಜ್ಞ ಡೇವಿಡ್ ಸೆಕ್ಲರ್ ಇನ್ನೂ ಮುಂದೆ ಹೋಗಿ, ಬಡವರ ಮಕ್ಕಳು ಗಾತ್ರದಲ್ಲಿ ಚಿಕ್ಕವರು, ಆದರೆ ಆರೋಗ್ಯವಂತರು ಎಂದರು. ಹೈದರಾಬಾದಿನ ಪೋಷಣ ಸಂಶೋಧನೆಗೆ ದಾರಿ ಹಾಕಿದ ಸಿ. ಗೋಪಾಲನ್ ಇದನ್ನು ಕಟುವಾಗಿ ವಿರೋಧಿಸಿದರು. ಸುಖಾತ್ಮೆಯವರ ಉದ್ದೇಶ ಟೆಂಪಲ್ಲನದಲ್ಲ. ದಿನದಿನಕ್ಕೂ ಬದಲಾಗುವ ಹಸಿವನ್ನು ಒಂದೇ ಅಂಕಿಯಲ್ಲಿ ಕಟ್ಟಿಹಾಕಬಾರದೆಂಬ ಅವರ ಎಚ್ಚರಿಕೆಯಲ್ಲಿ ಸತ್ಯವಿತ್ತು. ಆದರೆ ಹೊಂದಿಕೆಯ ಪ್ರಶ್ನೆಗೆ ಉತ್ತರ ಅಳತೆಯಿಂದಲೇ ಬರಬೇಕಿತ್ತು, ಆ ಅಳತೆ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮತ್ತು ಅವರ ಸಂಗಡಿಗರು ಬಹುಕಾಲದಿಂದ ಅರೆಹೊಟ್ಟೆಯಲ್ಲಿದ್ದ ಕೂಲಿಕಾರರನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅಲುಗಾಡದೆ ಮಲಗಿದ್ದಂತೆಯೇ, ಅವರು ಉಸಿರಾಡಿ ಬಳಸುವ ಆಮ್ಲಜನಕದಿಂದ ಅಳೆದರು. ಒಟ್ಟು ಖರ್ಚು ಕಡಿಮೆಯಿತ್ತು, ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಮೈ ಚಿಕ್ಕದಾಗಿದ್ದದ್ದು. ಕೊಬ್ಬನ್ನು ಬಿಟ್ಟು ಉಳಿದ ದೇಹದ ಪ್ರತಿ ಕಿಲೋಗೆ ಲೆಕ್ಕ ಹಾಕಿದರೆ ಅಂಥ ಉಳಿತಾಯವೇನೂ ಕಾಣಲಿಲ್ಲ. ಮಾಂಸಖಂಡ ಸವೆದು, ಬಿಡುವಿಲ್ಲದೆ ಉರಿಯುವ ಮೆದುಳು, ಯಕೃತ್ತು, ಹೃದಯದ ಪಾಲೇ ಅವರ ಮೈಯಲ್ಲಿ ಹೆಚ್ಚಾಗಿತ್ತು. ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ಮಾಡುವ ಯಾವ ಜಾಣತನವನ್ನೂ ದೇಹ ಕಲಿತಿರಲಿಲ್ಲ. ಅದು ತನ್ನನ್ನೇ ಕಿರಿದು ಮಾಡಿಕೊಂಡಿತ್ತು, ಓಡಾಟವನ್ನು ಮೊಟಕುಗೊಳಿಸಿತ್ತು, ದುಡಿಮೆಯ ಬಲವನ್ನು ಬಿಟ್ಟುಕೊಟ್ಟಿತ್ತು. ನನ್ನ ದೃಷ್ಟಿಯಲ್ಲಿ 1877ರ ವಾದ ನಿಜವಾಗಿ ತೀರ್ಮಾನವಾದದ್ದು ಈ ಅಳತೆಗಳಲ್ಲಿ.

ಕಿರಿದಾದ ದೇಹದ ಲೆಕ್ಕ ಒಂದು ತಲೆಗೆ ಮುಗಿಯುವುದಿಲ್ಲ ಎಂಬ ಸೂಚನೆ ಮೈಸೂರಿನಿಂದಲೇ ಬಂದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಕರೆಯುವ ಹೆಸರಿನಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯಾದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕಗಳಲ್ಲಿ ಬರೆದಿಟ್ಟಿತ್ತು. ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಜಿ. ವಿ. ಕೃಷ್ಣವೇಣಿ ಅವರ ತಂಡ ಅಳೆದು, ಬ್ರಿಟನ್ನಿನ ಶಿಶುಗಳಿಗಿಂತ ಎಲ್ಲ ರೀತಿಯಲ್ಲೂ ಚಿಕ್ಕವರಾದರೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅವರಲ್ಲಿ ಕಡಿಮೆಯಾಗಿಲ್ಲ ಎಂದು ಕಂಡಿತು. ಇದರಿಂದ ‘ಧಾತು ಈಶ್ವರ ಬರವೇ ನಮ್ಮ ಇಂದಿನ ಸಕ್ಕರೆ ಕಾಯಿಲೆಗೆ ಕಾರಣ’ ಎಂದು ಹಾರಿಬಿಡುವುದು ಸುಲಭ. ಅದಕ್ಕೆ ಪುರಾವೆಯಿಲ್ಲ, ಅಂಥ ಮಾತನ್ನು ನಾನು ನಂಬುವುದಿಲ್ಲ. ಮೈಸೂರಿನ ಹಳೆಯ ದಾಖಲೆಗಳಲ್ಲೇ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಕುಳ್ಳಗೆ ದುಂಡಗೆ ಹುಟ್ಟಿದವರಲ್ಲಿ, ತೂಕವುಳ್ಳ ತಾಯಂದಿರ ಮಕ್ಕಳಲ್ಲಿ. ಕತೆ ಜಟಿಲವಾಗಿದೆ. ಆದರೂ ಒಂದು ಮಾತು ಖಚಿತ: ಗರ್ಭದಲ್ಲಿ ಕೊರತೆ ಕಂಡ ದೇಹ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ಆಯ್ಕೆ ಮಾಡುತ್ತದೆ, ಕೊಬ್ಬನ್ನು ಉಳಿಸಿಕೊಂಡು ಮಾಂಸವನ್ನು ಬಿಡುತ್ತದೆ. ಅದು ಕೂಡ ಹೊಂದಿಕೆಯೇ, ಅದಕ್ಕೂ ನಲವತ್ತು ವರ್ಷದ ನಂತರ ಬಡ್ಡಿ ಕಟ್ಟಬೇಕಾಗುತ್ತದೆ.

ಜಗಳೂರು ತಾಲ್ಲೂಕಿನ ಹೊಲಗಳಲ್ಲಿ ಇಂದು ಮೆಕ್ಕೆಜೋಳ, ಶೇಂಗಾ ಇವೆ, ಪಡಿತರದ ಅಕ್ಕಿಯಿದೆ, ಹಸಿವಿನಿಂದ ಸಾಯುವ ಕಾಲ ಹೋಗಿದೆ. ಆದರೆ ಪುಕ್ಕಟೆ ಅಕ್ಕಿ ಜನರನ್ನು ಸೋಮಾರಿ ಮಾಡಿತು ಎಂಬ ಮಾತು ಊರಿನ ಕಟ್ಟೆಯಿಂದ ಶಾಸನಸಭೆಯವರೆಗೆ ಕೇಳುತ್ತದೆ. ಕೂಲಿಗೆ ಆಳು ಸಿಗದ ರೈತನ ಕಷ್ಟ ನಿಜ, ಅದನ್ನು ಹಗುರ ಮಾಡಬಾರದು. ಆದರೆ ಹೊಟ್ಟೆ ತುಂಬಿದ್ದರಿಂದ ಮನುಷ್ಯ ಜಡವಾಗುತ್ತಾನೆ ಎಂಬುದಕ್ಕೆ ದೇಹವಿಜ್ಞಾನದಲ್ಲಿ ಆಧಾರವಿಲ್ಲ. ಮಿನೆಸೋಟದಲ್ಲಿ ಜಡವಾದವರು ಉಪವಾಸವಿದ್ದವರು. ಇದೇ ಓದಿನ ಇನ್ನೊಂದು ಮುಖ ಆಸ್ಪತ್ರೆಗಳಲ್ಲಿ ಕಾಣುತ್ತದೆ. ದಪ್ಪಗಿರುವವರು ತೂಕ ಇಳಿಸಿ ಮತ್ತೆ ಏರಿಸಿಕೊಂಡರೆ ಬಾಯಿಕಟ್ಟಲು ಬಾರದವರು ಎನ್ನುತ್ತೇವೆ. 1995ರಲ್ಲಿ ನ್ಯೂಯಾರ್ಕಿನಲ್ಲಿ ರೂಡಿ ಲೀಬೆಲ್ ಮತ್ತು ಮೈಕೆಲ್ ರೋಸೆನ್‌ಬಾಮ್, ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿಸಿದವರ ದಿನದ ಖರ್ಚು, ಹೊಸ ಮೈತೂಕಕ್ಕೆ ಇರಬೇಕಾದದ್ದಕ್ಕಿಂತಲೂ ಕೆಳಗೆ ಇಳಿಯುತ್ತದೆಂದು ಅಳೆದು ತೋರಿಸಿದರು. ದಪ್ಪಗಿದ್ದವರಲ್ಲೂ ತೆಳ್ಳಗಿದ್ದವರಲ್ಲೂ ಹೀಗೇ ಆಯಿತು. ಅವರ ತಂಡ ಮುಂದೆ ನಡೆಸಿದ ಪ್ರಯೋಗಗಳಲ್ಲಿ, ತೂಕ ಇಳಿಸಿದವರಿಗೆ ಅವರ ಹಳೆಯ ಮಟ್ಟದ ಲೆಪ್ಟಿನ್ನನ್ನು ಚುಚ್ಚುಮದ್ದಿನಲ್ಲಿ ಕೊಟ್ಟಾಗ ಆ ಕಡಿತ ಬಹುಮಟ್ಟಿಗೆ ನಿಂತಿತು, ಥೈರಾಯ್ಡ್ ಹಾರ್ಮೋನು ಮೇಲೆದ್ದಿತು.